ಎತ್ತಿಗೆ ಹೆಸರಿತ್ತು

ಹೋದ ಬೇಸಿಗೆಯಲ್ಲಿ ಊರಿನ ಹಳೇ ಮನೆ ಕೆಡವಿಸಿದೆವು. ಶ್ರೀನಿವಾಸಪುರದ ಕಡೆಯ ಒಂದು ಹಳ್ಳಿ. ಸುತ್ತ ಮಾವಿನ ತೋಪು, ನಡುವೆ ಇನ್ನೂರು ಮನೆ. ನಮ್ಮದು ಮಣ್ಣಿನ ಮಾಳಿಗೆ ಮನೆ, ಸೋರಿ ಸೋರಿ ತೊಲೆ ಬಾಗಿತ್ತು. ಅಟ್ಟದ ಮೇಲಿನ ಸಾಮಾನು ಇಳಿಸುವಾಗ ಒಂದು ತಗಡಿನ ಟ್ರಂಕು ಸಿಕ್ಕಿತು. ಒಳಗೆ ರಾಗಿ ಅಳೆಯುವ ಸೇರು, ಕೆಟ್ಟುಹೋದ ಟಾರ್ಚು, ಅಜ್ಜಿಯ ಎಲೆಅಡಿಕೆ ಚೀಲ. ಎಲ್ಲಕ್ಕಿಂತ ಕೆಳಗೆ ಕೆಂಪು ರಟ್ಟಿನ ಉದ್ದನೆಯ ಲೆಕ್ಕದ ಪುಸ್ತಕ. ತಾತನದ್ದು.

ಗೆದ್ದಲು ಅಂಚು ತಿಂದಿತ್ತು, ಅಕ್ಷರಕ್ಕೆ ಬಾಯಿ ಹಾಕಿರಲಿಲ್ಲ. ಅರ್ಧ ಕನ್ನಡ, ಅರ್ಧ ತೆಲುಗು. ನಮ್ಮ ಜಿಲ್ಲೆಯವರಿಗೆ ಇದೇನೂ ಹೊಸದಲ್ಲ. ನಾವು ಬೈಯೋದು ತೆಲುಗಿನಲ್ಲಿ, ಅರ್ಜಿ ಬರೆಯೋದು ಕನ್ನಡದಲ್ಲಿ. ಹೇವಿಳಂಬಿ ಸಂವತ್ಸರದಿಂದ ಶುರುವಾಗಿ ಶಾರ್ವರಿಯವರೆಗೆ ನಾಲ್ಕು ವರ್ಷದ ಲೆಕ್ಕ. ಅಂದರೆ 1957ರಿಂದ 1961. ನಯಾಪೈಸೆ ಆಗಷ್ಟೇ ಬಂದ ಕಾಲ. ಕೆಲವು ಕಡೆ ತಾತ ಆಣೆಯಲ್ಲಿ ಬರೆದು, ಹೊಡೆದುಹಾಕಿ, ಪಕ್ಕದಲ್ಲಿ ನಯಾಪೈಸೆ ಹಾಕಿದ್ದಾರೆ.

ನಾನು ಬ್ಯಾಂಕಿನವನು. ಇಪ್ಪತ್ತೆಂಟು ವರ್ಷ ಸಾಲದ ಖಾತೆಗಳನ್ನೇ ನೋಡಿದ್ದೇನೆ. ಲೆಕ್ಕದ ಪುಸ್ತಕ ಸಿಕ್ಕರೆ ನನಗೆ ಬೇರೆಯವರಿಗೆ ಕಾದಂಬರಿ ಸಿಕ್ಕ ಹಾಗೆ. ಕೆಲಸದವರಿಗೆ ಟೀ ಕೊಡೋದನ್ನೂ ಮರೆತು ಅಲ್ಲೇ ಜಗಲಿ ಮೇಲೆ ಕೂತು ಓದಿದೆ. ಬೆಲ್ಲ ಮಾರಿದ್ದು, ಹುಣಸೆ ಮರ ಗುತ್ತಿಗೆ ಕೊಟ್ಟದ್ದು, ಬಾವಿಗೆ ಕಲ್ಲು ಕಟ್ಟಿಸಿದ್ದು. ಘಾಟಿ ಜಾತ್ರೆಯಲ್ಲಿ ತಂದ ಎತ್ತಿನ ಜೊತೆಗೆ ಒಂದು ಇಡೀ ಪುಟ. 'ಕೆಂಪ, ಗೌರ. 280 ರೂ. ಕೆಂಪನಿಗೆ ಬಲಗೊಂಬು ಕೊಂಚ ಸೊಟ್ಟ.' ಎರಡು ತಿಂಗಳಾದ ಮೇಲೆ 'ಗೌರನಿಗೆ ಲಾಳ', ಆಮೇಲೆ 'ಕೆಂಪ ಮೇವು ಬಿಟ್ಟ, ಔಷಧಿ 2 ರೂ.' ಓದುತ್ತಾ ಆ ಎತ್ತುಗಳು ಕಣ್ಣಿಗೆ ಕಟ್ಟಿದವು.

ಮುಂದಿನ ಪುಟದ ತಲೆಬರಹ 'ಆಳು 1'.

ಹೇವಿಳಂಬಿ ಯುಗಾದಿ, ಸಾಲ 150. ವರ್ಷಕ್ಕೆ ರಾಗಿ ಆರು ಪಲ್ಲ, ಕಂಬಳಿ ಒಂದು, ಎಕ್ಕಡ ಜೊತೆ ಒಂದು. ವಿಳಂಬಿ, ಮಗಳ ಮದುವೆಗೆ 40. ವಿಕಾರಿ, ದಂಡ 5. ಕೆಳಗೆ ಗೆರೆ ಎಳೆದು, ಬಾಕಿ 205. ಅದರ ಕೆಳಗೆ ನೀಲಿ ಶಾಯಿಯ ಒಂದು ಹೆಬ್ಬೆಟ್ಟು. ಬೆರಳಿನ ಗೆರೆಗಳು ಈಗಲೂ ಎಣಿಸುವಷ್ಟು ಸ್ಪಷ್ಟ.

ಹೆಸರಿಲ್ಲ. ಪುಟ ತಿರುಗಿಸಿ ತಿರುಗಿಸಿ ನೋಡಿದೆ. ಎಲ್ಲೂ ಇಲ್ಲ.

ಈಗಿನ ಹುಡುಗರಿಗೆ ಜೀತ ಅಂದರೆ ಬೈಗುಳ ಅಷ್ಟೆ. 'ಕಂಪನಿಯಲ್ಲಿ ಜೀತ ಮಾಡ್ತಿದೀನಿ' ಅಂತಾರೆ, ನನ್ನ ಮಗಳೂ ಅಂತಾಳೆ. ಅದು ನಡೆಯುತ್ತಿದ್ದದ್ದು ಹೀಗೆ. ಕಷ್ಟಕ್ಕೆ ಯಜಮಾನನ ಹತ್ತಿರ ಒಂದಿಷ್ಟು ದುಡ್ಡು ತಗೋಬೇಕು. ತೀರಿಸುವವರೆಗೆ ಅವನ ಮನೆಯಲ್ಲಿ ದುಡಿಯಬೇಕು. ಕೋಳಿ ಕೂಗೋದಕ್ಕೆ ಮುಂಚೆ ಕೊಟ್ಟಿಗೆ, ಆಮೇಲೆ ಬಾವಿಯಿಂದ ನೀರೆತ್ತುವ ಕಪಿಲೆ, ನೇಗಿಲು, ರಾತ್ರಿ ಹೊಲದ ಕಾವಲು. ರಾಗಿ ಕೊಡೋದು ಹೊಟ್ಟೆಗೆ. ಸಾಲಕ್ಕೆ ಅದು ಜಮಾ ಆಗಲ್ಲ. ಯುಗಾದಿಗೆ ಲೆಕ್ಕ ನೋಡಿದರೆ ಸಾಲ ಹೋದ ವರ್ಷ ಎಲ್ಲಿತ್ತೋ ಅಲ್ಲೇ ಇರುತ್ತೆ, ಇಲ್ಲಾಂದ್ರೆ ಏರಿರುತ್ತೆ. ಅಪ್ಪನಿಗೆ ಆಗದೇ ಹೋದರೆ ಮಗ ಬಂದು ನಿಲ್ಲಬೇಕು.

ಮೊದಲ ಸಲ ನೋಡಿದಾಗ ನನಗೆ ಸಮಾಧಾನವೇ ಆಗಿತ್ತು. ತಾತ ಬಡ್ಡಿ ಹಾಕಿಲ್ಲ, ನೋಡು ಅಂದುಕೊಂಡೆ. ಸ್ವಲ್ಪ ಹೊತ್ತಿಗೆ ತಲೆಗೆ ಹೋಯಿತು. ಆ ಪುಟದಲ್ಲಿ ಜಮಾ ಕಾಲಮ್ಮೇ ಇಲ್ಲ. ಬೆಲ್ಲಕ್ಕಿದೆ, ಹುಣಸೆಗಿದೆ, ಇದಕ್ಕಿಲ್ಲ. ದುಡಿಮೆ ಪೂರ್ತಿ ಬಡ್ಡಿಗೆ ಹೋಗಿದೆ, ಅಸಲು ಕುಳಿತಲ್ಲೇ ಕುಳಿತಿದೆ. ನಮ್ಮ ಶಾಖೆಯಲ್ಲಿ ಇಂಥ ಖಾತೆ ತೆಗೆದಿದ್ದರೆ ಆಡಿಟಿನವರು ಅವತ್ತೇ ಹಿಡಿಯುತ್ತಿದ್ದರು.

ಒಂದು ಮಾತು ಇಲ್ಲೇ ಹೇಳಿಬಿಡಬೇಕು. ನಾವು ಒಕ್ಕಲಿಗರು. ಜಾತಿ ಮುಚ್ಚಿಟ್ಟು ಇಂಥದ್ದನ್ನು ಬರೆಯೋದು ಕಳ್ಳತನ. ಇನ್ನೊಂದು, ಊರಲ್ಲಿ ಈ ಮನುಷ್ಯನ ಮಾತು ಬಂದರೆ ಎಲ್ಲರೂ 'ಅವನು' ಅಂತಲೇ ಅನ್ನೋದು. ನಾನು 'ಅವರು' ಅಂತ ಬರೆಯುತ್ತಿದ್ದೇನೆ. ಮೊದಲು ಬರೆದಾಗ ಆರು ಕಡೆ 'ಅವನು' ನುಸುಳಿತ್ತು. ಮಗಳು ಓದಿ, ಪೆನ್ಸಿಲ್ಲಿನಲ್ಲಿ ಆರಕ್ಕೂ ಸುತ್ತು ಹಾಕಿ ಕೊಟ್ಟಳು.

ಅಸಲಿಗೆ ಹುಡುಕಾಟಕ್ಕೆ ಕಾರಣ ಅವಳೇ. ಬೆಂಗಳೂರಿನಲ್ಲಿ ಇತಿಹಾಸದಲ್ಲಿ ಎಂಎ ಮಾಡುತ್ತಿದ್ದಾಳೆ. ಹಿಂದಿನ, ಇಂದಿನ ಸಾಮಾಜಿಕ ಅನ್ಯಾಯದ ಮೇಲೆ ಒಂದು ಪ್ರಬಂಧ ಬರೆಯಬೇಕಿತ್ತು. "ಅಪ್ಪಾ, ನಮ್ಮ ಜಿಲ್ಲೇಲಿ ಅಂಥದ್ದೇನಾಗಿದೆ?" ಅಂತ ಫೋನು ಮಾಡಿದಳು. ಬಾಯಿಗೆ ತಕ್ಷಣ ಬಂದದ್ದು ವಿದುರಾಶ್ವತ್ಥ. 1938ರ ಏಪ್ರಿಲ್ 25, ಬಾವುಟ ಹಾರಿಸಲು ಸೇರಿದ್ದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದ್ದು. ಸತ್ತವರ ಲೆಕ್ಕ ಸರ್ಕಾರದ್ದು ಒಂದು, ಜನರದ್ದು ಇನ್ನೊಂದು. ಅಲ್ಲಿ ಸ್ಮಾರಕ ಇದೆ. ಸ್ಕೂಲಿನಲ್ಲಿ ಟೂರು ಕರೆದುಕೊಂಡು ಹೋಗುತ್ತಾರೆ.

"ಕಂಬಾಲಪಲ್ಲಿ?" ಅಂದಳು.

ಸುಮ್ಮನಾದೆ. ಕಂಬಾಲಪಲ್ಲಿ ಇರೋದು ಚಿಂತಾಮಣಿ ತಾಲ್ಲೂಕಿನಲ್ಲಿ. ಚಿಕ್ಕಬಳ್ಳಾಪುರ ಜಿಲ್ಲೆಯಾಗಿದ್ದು 2007ರಲ್ಲಿ, ಅಲ್ಲಿಯವರೆಗೆ ಎಲ್ಲ ಕೋಲಾರವೇ. 2000ದ ಮಾರ್ಚ್ 11, ಶನಿವಾರ, ರಾತ್ರಿ. ಏಳು ಜನ ದಲಿತರನ್ನು ಮನೆಯೊಳಗೆ ಕೂಡಿಹಾಕಿ ಬೆಂಕಿ ಹಚ್ಚಿ ಸಾಯಿಸಿದರು. ಆಗ ನನಗೆ ಚಿಂತಾಮಣಿಯಲ್ಲೇ ಕೆಲಸ. ಹೊಸ ಗುಮಾಸ್ತ, ಬಾಡಿಗೆ ರೂಮು. ಸೋಮವಾರ ಬೆಳಿಗ್ಗೆ ಶಾಖೆ ತೆರೆದಾಗ ಕೌಂಟರಿನ ಮುಂದೆ ಎಂದಿನ ಗದ್ದಲವಿರಲಿಲ್ಲ. ಬಂದವರು ತಗ್ಗಿದ ದನಿಯಲ್ಲಿ ಮಾತಾಡಿ ಹೋದರು. ಮಧ್ಯಾಹ್ನ ಊಟದ ಹೊತ್ತಿಗೆ ಒಬ್ಬರು "ಎರಡೂ ಕಡೆ ತಪ್ಪಿದೆಯಂತೆ" ಅಂದರು. ಇನ್ನೊಬ್ಬರು ಡಬ್ಬಿ ಮುಚ್ಚಿ ಎದ್ದು ಹೋದರು. ನಾನು ಯಾವ ಕಡೆಗೂ ಏನೂ ಹೇಳಲಿಲ್ಲ. ಉಪ್ಪಿನಕಾಯಿ ಕೇಳಿದೆ ಅಂತ ನೆನಪು.

2006ರಲ್ಲಿ ವಿಚಾರಣಾ ನ್ಯಾಯಾಲಯ ಆರೋಪಿಗಳನ್ನೆಲ್ಲ ಬಿಟ್ಟಿತು. ಸಾಕ್ಷಿಗಳು ತಿರುಗಿಬಿದ್ದಿದ್ದರು. 2014ರಲ್ಲಿ ಹೈಕೋರ್ಟು ಅದನ್ನೇ ಎತ್ತಿಹಿಡಿಯಿತು. ಏಳು ಜನ ಸತ್ತದ್ದು ನಿಜ, ಸಾಯಿಸಿದವರು ಯಾರೂ ಇಲ್ಲ. 'ಸಾಕ್ಷಿ ತಿರುಗಿಬಿದ್ದರು' ಅನ್ನೋ ಮಾತು ಪೇಪರಿನಲ್ಲಿ ಓದಿದರೆ ಸಾಕ್ಷಿಯದೇ ತಪ್ಪು ಅನ್ನಿಸುತ್ತೆ, ಅಲ್ವಾ? ಆದರೆ ಹಳ್ಳಿಯಲ್ಲಿ ಹುಟ್ಟಿದವರಿಗೆ ಗೊತ್ತು. ಕೋರ್ಟಿನ ಕಟಕಟೆಯಿಂದ ಇಳಿದವನು ಸಂಜೆ ಬಸ್ಸಿಗೆ ಮತ್ತೆ ಅದೇ ಊರಿಗೆ ಬರಬೇಕು. ಹಾಲು ಹಾಕೋದು ಅದೇ ಡೈರಿಗೆ. ಕೂಲಿಗೆ ಕರೆಯೋದು ಅದೇ ಜಮೀನಿನವರು. ಬೋರ್‌ವೆಲ್ ನೀರು, ರೇಷನ್ ಅಂಗಡಿ, ಮಗಳ ಸ್ಕೂಲು, ಎಲ್ಲ ಅಲ್ಲೇ. ಆರು ವರ್ಷ ಅದೇ ದಾರಿಯಲ್ಲಿ ಓಡಾಡಿಕೊಂಡು ಒಂದೇ ಮಾತಿಗೆ ನಿಲ್ಲೋದು ಹೇಗೆ?

ಇದನ್ನೆಲ್ಲ ಮಗಳಿಗೆ ಹೇಳಿದೆ. ಉಪ್ಪಿನಕಾಯಿ ವಿಷಯ ಹೇಳಲಿಲ್ಲ.

ಅದಾಗಿ ಎರಡು ವಾರಕ್ಕೆ ಈ ಪುಸ್ತಕ ಸಿಕ್ಕಿದ್ದು. ಫೋಟೋ ತೆಗೆದು ಅವಳಿಗೆ ಕಳಿಸಿದೆ. "ಹೆಸರೇನು ಅಪ್ಪಾ ಅವರದ್ದು?" ಅಂತ ಒಂದೇ ಸಾಲು ಬಂತು.

ಚಿಕ್ಕಪ್ಪನನ್ನು ಕೇಳಿದೆ. ಎಪ್ಪತ್ತೆಂಟು ವರ್ಷ. ತಲೆ ಚುರುಕಾಗಿದೆ, ಮೊಣಕಾಲು ಮಾತ್ರ ಇಲ್ಲ. ಪುಸ್ತಕ ಕೈಗೆ ಕೊಟ್ಟರೆ ಎತ್ತಿನ ಪುಟದಲ್ಲೇ ಅರ್ಧ ಗಂಟೆ ಕಳೆದರು. "ಕೆಂಪ! ಆಹಾ, ಏನ್ ಎತ್ತು ಅಂತೀಯ." ಆಳಿನ ಪುಟಕ್ಕೆ ಬಂದಾಗ ಕನ್ನಡಕ ತೆಗೆದರು.

"ಆವಾಗ ಎಲ್ಲರ ಮನೇಲೂ ಇದ್ರು ಕಣಪ್ಪ. ನಮ್ಮನೇಲಿ ಅವನಿಗೇನೂ ಕಡಿಮೆ ಮಾಡಿರಲಿಲ್ಲ. ಮಗಳ ಮದುವೆ ಮಾಡಿಸಿದ್ದು ನಮ್ಮಪ್ಪನೇ."

"ಈ ದಂಡ 5 ಅಂದ್ರೆ ಏನು ಚಿಕ್ಕಪ್ಪ?"

ಯೋಚನೆ ಮಾಡಿದರು. "ಓ ಅದಾ. ಎಕ್ಕಡ ಮೆಟ್ಕೊಂಡು ನಮ್ಮ ಬೀದೀಲಿ ಬಂದ್ಬಿಟ್ಟಿದ್ದ. ಪಂಚಾಯ್ತಿ ಆಗಿತ್ತು. ಐದು ರೂಪಾಯಿ ದಂಡ ನಮ್ಮಪ್ಪನೇ ಕಟ್ಟಿ ಬಿಡಿಸ್ಕೊಂಡು ಬಂದ್ರು."

ಹಿಂದಿನ ಸಾಲು ನೋಡಿದೆ. ಎಕ್ಕಡ ಜೊತೆ ಒಂದು. ಕೊಟ್ಟವರು ನಾವೇ. ಹೊಲದಲ್ಲಿ ಮುಳ್ಳು ಚುಚ್ಚಿದರೆ ಕೆಲಸ ಕೆಡುತ್ತೆ ಅಂತ ಕೊಟ್ಟದ್ದು. ಊರೊಳಗೆ ಬಂದರೆ ಬಿಚ್ಚಿ ಕೈಯಲ್ಲಿ ಹಿಡಿಯಬೇಕಿತ್ತು. 1955ರಲ್ಲೇ ಅಸ್ಪೃಶ್ಯತೆ ಆಚರಣೆ ಅಪರಾಧ ಅಂತ ಕಾನೂನು ಬಂದಿದೆ. ಸಂವಿಧಾನದ 17ನೇ ವಿಧಿ ಅದಕ್ಕೂ ಮುಂಚಿನದು. ನಮ್ಮ ಬೀದಿಗೆ ಅದು ಬಂದಿರಲಿಲ್ಲ.

ಹಳೇ ಕಾಲ ಬಿಡಿ ಅಂತೀರಾ? 2022ರ ಸೆಪ್ಟೆಂಬರಿನಲ್ಲಿ ಮಾಲೂರು ತಾಲ್ಲೂಕಿನ ಉಳ್ಳೇರಹಳ್ಳಿಯಲ್ಲಿ ದೇವರ ಮೆರವಣಿಗೆಯ ಕೋಲು ಮುಟ್ಟಿದ ಅಂತ ಹದಿನೈದು ವರ್ಷದ ದಲಿತ ಹುಡುಗನ ಮನೆಗೆ 60,000 ರೂಪಾಯಿ ದಂಡ ಹಾಕಿದರು. ಕಟ್ಟದಿದ್ದರೆ ಊರು ಬಿಡಿ ಅಂದರು. ಕೂಲಿಯವರ ಮನೆಗೆ ಅರವತ್ತು ಸಾವಿರ ಎಲ್ಲಿಂದ ಬರಬೇಕು? ಸಾಲದಿಂದಲೇ. ಸುದ್ದಿ ದೊಡ್ಡದಾಯಿತು, ಕೇಸಾಯಿತು. ಆಗ ಅದನ್ನು ಓದಿ 'ಛೆ' ಅಂದು ಪುಟ ತಿರುಗಿಸಿದ್ದೆ. ಈ ಪುಸ್ತಕ ನೋಡಿದ ಮೇಲೆ ಆ ಐದು ರೂಪಾಯಿ, ಆ ಅರವತ್ತು ಸಾವಿರ ಒಂದೇ ಕಾಲಮ್ಮಿನಲ್ಲಿ ಕಾಣತೊಡಗಿದವು.

ಚಿಕ್ಕಪ್ಪ ಹೆಸರು ಹೇಳಿದರು. ಆದರೆ ಊರಲ್ಲಿ ಕರೆಯುತ್ತಿದ್ದ ಅರ್ಧ ಹೆಸರು, ಅದರ ಕೊನೆಗೆ ಒಂದು ದೀರ್ಘ. ಪೂರ್ತಿ ಹೆಸರು ಅವರಿಗೆ ಗೊತ್ತಿರಲಿಲ್ಲ. ಹದಿನೆಂಟು ವರ್ಷ ಮನೆಯಲ್ಲಿ ದುಡಿದವರು.

ತಾಲ್ಲೂಕು ಕಚೇರಿಗೆ ಹೋದೆ. ರೆಕಾರ್ಡ್ ರೂಮಿನಲ್ಲಿದ್ದ ಗುಮಾಸ್ತರು ಒಳ್ಳೆಯವರು, ನಮ್ಮ ಬ್ಯಾಂಕಿನ ಗ್ರಾಹಕರೂ ಹೌದು. ವಿಷಯ ಕೇಳಿ ತಲೆ ಕೆರೆದುಕೊಂಡರು. "ಯಾವ ಸರ್ವೆ ನಂಬರು ಸಾರ್?" ಅಂದರು. ಜಮೀನಿಲ್ಲದವರು ಅಂದೆ. "ಹಾಗಾದ್ರೆ ನಮ್ಮತ್ರ ಹೇಗೆ ಸಿಗ್ತಾರೆ ಸಾರ್? ಇಲ್ಲಿರೋದೆಲ್ಲ ಜಮೀನೇ." ಹೌದಲ್ವಾ. ಗೋಡೆ ಗೋಡೆಗೂ ಬಟ್ಟೆ ಸುತ್ತಿದ ಕಟ್ಟು. ನೂರು ವರ್ಷದಲ್ಲಿ ಯಾವ ಹೊಲದ ಬದು ಎಷ್ಟು ಸರಿದಿದೆ ಅನ್ನೋದು ಸಿಗುತ್ತೆ. ಆ ಹೊಲ ಉತ್ತವರು ಸಿಗಲ್ಲ.

ಬರಿಗೈಲಿ ಬರಬಾರದು ಅಂತ ನಮ್ಮದೇ ಮನೆಯ ಸರ್ವೆ ನಂಬರುಗಳ ಹಳೇ ಕೈಬರಹದ ಪಹಣಿಗೆ ನಕಲು ಅರ್ಜಿ ಹಾಕಿ ಬಂದೆ. ಹತ್ತು ದಿನಕ್ಕೆ ಸಿಕ್ಕಿತು. ಊಟ ಆದ ಮೇಲೆ ಸುಮ್ನೆ ನೋಡುತ್ತಾ ಕೂತೆ. ಕೆರೆ ಹಿಂದಿನ ಒಂದು ಎಕರೆ ಹತ್ತು ಗುಂಟೆ. ಈಗ ಅಲ್ಲಿ ಮಾವಿನ ತೋಪು, ಚಿಕ್ಕಪ್ಪನ ಪಾಲಿಗೆ ಹೋಗಿದೆ. 1971ನೇ ಸಾಲಿನ ಪಹಣಿ. ಒಂಬತ್ತನೇ ಕಾಲಂ ಅಂದರೆ ಖಾತೆದಾರ. ಅಲ್ಲಿ ನಮ್ಮ ತಾತನ ಹೆಸರಿಲ್ಲ. ಬೇರೆ ಹೆಸರು. ಚಿಕ್ಕಪ್ಪ ಹೇಳಿದ ಅರ್ಧ ಹೆಸರಿನ ಪೂರ್ತಿ ರೂಪ, ಜೊತೆಗೆ ತಂದೆಯ ಹೆಸರು, 'ನೀರಗಂಟಿ ಇನಾಂತಿ' ಅನ್ನೋ ಷರಾ. ಹನ್ನೆರಡನೇ ಕಾಲಂ ಸಾಗುವಳಿದಾರನದ್ದು. ಅಲ್ಲಿ ತಾತ.

ಇಲ್ಲಿ ಸ್ವಲ್ಪ ನಿಂತು ನೀರಗಂಟಿ ಅಂದರೆ ಯಾರು ಅಂತ ಹೇಳಬೇಕು. ವರ್ಷವಿಡೀ ಹರಿಯುವ ನದಿ ಇಲ್ಲದ ಜಿಲ್ಲೆ ನಮ್ಮದು. ಬದುಕಿದ್ದು ಕೆರೆಗಳಿಂದ. ಕೆರೆ ತೂಬು ಎತ್ತುವವರು, ಯಾವ ಗದ್ದೆಗೆ ಎಷ್ಟು ಹೊತ್ತು ನೀರು ಅಂತ ತೀರ್ಮಾನ ಮಾಡುವವರು ನೀರಗಂಟಿ. ಮಳೆ ಕಡಿಮೆಯಾದ ವರ್ಷ ಗೌಡ, ಶಾನುಭೋಗ ಎಲ್ಲರೂ ಅವರ ಮಾತು ಕೇಳಬೇಕಿತ್ತು. ಆ ಕೆಲಸಕ್ಕೆ ಇದ್ದವರು ಹೆಚ್ಚಾಗಿ ದಲಿತರು. ತಲೆಮಾರಿನಿಂದ ತಲೆಮಾರಿಗೆ ಬರುತ್ತಿತ್ತು. ಸುಗ್ಗಿಯಲ್ಲಿ ಪ್ರತಿ ಕಣದಿಂದ ಒಂದಿಷ್ಟು ಧಾನ್ಯ, ಅದರ ಜೊತೆ ಒಂದು ತುಂಡು ಇನಾಂತಿ ಜಮೀನು, ಅಂದರೆ ಆ ಕೆಲಸಕ್ಕೆ ಅಂತಲೇ ಬಿಟ್ಟುಕೊಟ್ಟದ್ದು. ಇಡೀ ಊರಿಗೆ ನೀರು ಹಂಚಿದವರು ಕುಡಿಯೋ ನೀರಿಗೆ ಊರ ಬಾವಿಯ ಹತ್ತಿರ ಬಂದು, ದೂರ ನಿಂತು, ಯಾರಾದರೂ ಸೇದಿ ಹಾಕಲಿ ಅಂತ ಕಾಯುತ್ತಿದ್ದರು. ಇದನ್ನು ಚಿಕ್ಕಪ್ಪನೇ ಹೇಳಿದ್ದು. ಹೇಳುವಾಗ ಅವರಿಗೆ ಅದರಲ್ಲಿ ವಿಚಿತ್ರ ಏನೂ ಕಂಡಿರಲಿಲ್ಲ.

1961ರ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆಯಿಂದ ನೀರಗಂಟಿ, ತೋಟಿ, ತಳವಾರ ಎಲ್ಲ ಹುದ್ದೆ ಹೋದವು. ಜಮೀನು ಮಾತ್ರ ಆ ಮನೆತನದವರಿಗೆ ಮರುಮಂಜೂರಾಗಬೇಕು, ಕಂದಾಯದ ಇಂತಿಷ್ಟು ಪಟ್ಟು ಹಣ ಕಟ್ಟಿದರೆ. ಜೀತದಲ್ಲಿದ್ದವರು ಎಲ್ಲಿಂದ ಕಟ್ಟಬೇಕು? ತಾತ ಕಟ್ಟಿರಬೇಕು. ಕಟ್ಟಿ, ಜಮೀನು ತಾವು ಉತ್ತರು. 1977ರ ಪಹಣಿಯಲ್ಲಿ ಒಂಬತ್ತನೇ ಕಾಲಮ್ಮಿಗೂ ತಾತನ ಹೆಸರು ಬಂದಿದೆ. 'ಕ್ರಯದ ಮೇರೆಗೆ.'

ಕೋಲಾರದಲ್ಲಿ ನನ್ನ ಜೊತೆ ಓದಿದ ವಕೀಲನೊಬ್ಬನಿದ್ದಾನೆ. ಅವನ ಮುಂದೆ ಎಲ್ಲ ಹರವಿದೆ. ಪರಿಶಿಷ್ಟ ಜಾತಿಯವರಿಗೆ ಸರ್ಕಾರ ಕೊಟ್ಟ ಜಮೀನನ್ನು ಬೇರೆಯವರು ಕೊಂಡಿದ್ದರೆ ವಾಪಸ್ ಕೊಡಿಸೋಕೆ 1978ರ ಕಾಯ್ದೆ ಇದೆ. ಪಿಟಿಸಿಎಲ್ ಅಂತಾರೆ. 2023ರಲ್ಲಿ ಅದಕ್ಕೆ ತಿದ್ದುಪಡಿ ತಂದು, ಅರ್ಜಿ ಹಾಕೋಕೆ ಕಾಲಮಿತಿ ಇಲ್ಲ ಅಂತಲೂ ಮಾಡಿದ್ದಾರೆ. ಅದೇ ನನ್ನ ತಲೆಯಲ್ಲಿತ್ತು. ಅವನು ಕಾಯ್ದೆಯ ಪುಸ್ತಕ ತೆಗೆದು ಒಂದು ಸಾಲು ತೋರಿಸಿದ. ಯಾವುದು 'ಮಂಜೂರಾದ ಜಮೀನು' ಅಂತ ಹೇಳುವ ಕಡೆ, ವಂಶಪಾರಂಪರ್ಯ ಹುದ್ದೆಗೆ ಸಂಬಂಧಪಟ್ಟದ್ದನ್ನು ಹೊರಗಿಟ್ಟಿದ್ದಾರೆ. ಅಂದರೆ ಸರ್ಕಾರಿ ಗೋಮಾಳದಲ್ಲಿ ಅರ್ಜಿ ಹಾಕಿ ದರಖಾಸ್ತಿಗೆ ಸಿಕ್ಕ ಜಮೀನಾಗಿದ್ದರೆ ಒಳಗೆ, ನೀರಗಂಟಿಕೆ ಮಾಡಿ ಬಂದದ್ದಾದರೆ ಹೊರಗೆ. "ನಿಮ್ಮ ಚಿಕ್ಕಪ್ಪನಿಗೆ ಏನೂ ಆಗಲ್ಲ, ಆರಾಮಾಗಿರಕ್ಕೆ ಹೇಳು" ಅಂದ.

ಆ ಕ್ಷಣ ನನಗೆ ಆದದ್ದನ್ನು ಬರೆಯದೇ ಇದ್ದರೆ ಈ ಬರಹಕ್ಕೆ ಅರ್ಥವಿಲ್ಲ. ಅಬ್ಬಾ ಅನ್ನಿಸಿತು. ಎದೆ ಹಗುರ ಆಯಿತು. ಅನ್ಯಾಯ ಹುಡುಕುತ್ತೇನೆ ಅಂತ ಮೂರು ತಿಂಗಳು ಕಚೇರಿ ಕಚೇರಿ ಅಲೆದವನಿಗೆ, ಜಮೀನು ಹೋಗಲ್ಲ ಅಂತ ಗೊತ್ತಾದಾಗ ಖುಷಿಯಾಯಿತು. ಅದೂ ನನ್ನ ಪಾಲಿನದಲ್ಲದ ಜಮೀನು.

ಅವನು ಮುಂದುವರಿಸಿದ. "ಆದ್ರೆ ಇನ್ನೊಂದಿದೆ." 1976ರ ಜೀತ ಪದ್ಧತಿ ರದ್ದತಿ ಕಾಯ್ದೆ. ತುರ್ತು ಪರಿಸ್ಥಿತಿಯಲ್ಲಿ, 1975ರ ಅಕ್ಟೋಬರಿನಲ್ಲಿ ಮೊದಲು ಸುಗ್ರೀವಾಜ್ಞೆಯಾಗಿ ಬಂದದ್ದು. ಸಾಲ ಪೂರ್ತಿ ಮಾಫಿ ಅನ್ನೋದು ನನಗೆ ಗೊತ್ತಿತ್ತು. ಜೀತದ ಸಾಲಕ್ಕೆ ಅಡವಿದ್ದ ಆಸ್ತಿಯನ್ನೂ ಬಿಡುಗಡೆ ಮಾಡಿ ವಾಪಸ್ ಕೊಡಬೇಕು ಅಂತ ಅದರಲ್ಲಿದೆ ಅನ್ನೋದು ಗೊತ್ತಿರಲಿಲ್ಲ. ಕೊಡಬೇಕಾಗಿದ್ದು 1976ರಲ್ಲಿ. ನಮ್ಮ ಮನೆಯಲ್ಲಿ ಆದದ್ದು 1977ರ ಕ್ರಯ. ಕೊಡುವ ಬದಲು ಬರೆಸಿಕೊಂಡಿದ್ದಾರೆ. "ಐವತ್ತು ವರ್ಷ ಆಯ್ತು, ಕೇಸು ನಿಲ್ಲೋದು ಕಷ್ಟ. ಅವರು ಜೀತಕ್ಕಿದ್ರು ಅನ್ನೋಕೆ ಸಾಕ್ಷಿ ಏನಿದೆ ಹೇಳು?"

ಬ್ಯಾಗಿನಲ್ಲಿದ್ದ ಕೆಂಪು ರಟ್ಟಿನ ಪುಸ್ತಕ ಮೇಜಿನ ಮೇಲಿಟ್ಟೆ.

ಅವನು ಅದನ್ನು ನೋಡಿದ. ನನ್ನನ್ನು ನೋಡಿದ. "ಇದಿದೆ ಅಂತ ಯಾರಿಗೆಲ್ಲ ಹೇಳಿದೀಯ?" ಅಂದ. ಸಂಜೆ ಚಿಕ್ಕಪ್ಪನ ಮಗ ಫೋನು ಮಾಡಿ ಒಂದೇ ಮಾತು ಹೇಳಿದ: "ಹಳೇ ಪೇಪರು ಮನೇಲಿಟ್ಕೊಂಡ್ರೆ ಗೆದ್ದಲು ಹಿಡಿಯುತ್ತೆ ಅಣ್ಣಾ, ಸುಟ್ಟಾಕು."

ನಮ್ಮ ಮನೆಯಲ್ಲಿ ಅನ್ಯಾಯದ ಕಥೆಗೆ ಬರವಿರಲಿಲ್ಲ. ತಾತ ಕಂದಾಯ ಕಟ್ಟಲು ಹೋದಾಗ ಶಾನುಭೋಗರ ಮನೆ ಜಗಲಿ ಕೆಳಗೆ ನಿಲ್ಲಿಸಿದ್ದು, ಕಾಗದವನ್ನು ಕೈಗೆ ಕೊಡದೆ ನೆಲಕ್ಕೆ ಹಾಕಿದ್ದು, ಇದನ್ನು ಹಬ್ಬಹಬ್ಬಕ್ಕೆ ಕೇಳಿ ಬೆಳೆದೆ. 1918ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಮಿಲ್ಲರ್ ಸಮಿತಿ ಮಾಡಿದ್ದು, ಮರುವರ್ಷ ಅದರ ವರದಿ ಬಂದದ್ದು, ಬ್ರಾಹ್ಮಣೇತರರಿಗೆ ಸರ್ಕಾರಿ ಕೆಲಸದ ಬಾಗಿಲು ತೆರೆದದ್ದು, ಎಲ್ಲ ಪರೀಕ್ಷೆಗೆ ಬಾಯಿಪಾಠ ಮಾಡಿದ್ದೆ. ಆ ಕಥೆಗಳು ಸುಳ್ಳಲ್ಲ. ತಾತ ಆ ಕಾಗದ ಬಗ್ಗಿ ಎತ್ತಿಕೊಂಡದ್ದು ನಿಜ. ಮನೆಗೆ ಬಂದು ಆಳಿಗೆ ರಾಗಿ ಅಳೆಯುವಾಗ ಅವರೂ ಮೇಲಿಂದಲೇ ಸುರಿದರು. ಅದೂ ನಿಜ. ಎರಡನೇ ಕಥೆಯನ್ನು ಹಬ್ಬಕ್ಕೆ ಯಾರೂ ಹೇಳಲಿಲ್ಲ.

ಪೂರ್ತಿ ಹೆಸರು ಸಿಕ್ಕ ಮೇಲೆ ಮನೆಯವರನ್ನು ಹುಡುಕೋದು ಕಷ್ಟವಾಗಲಿಲ್ಲ. ಮೊಮ್ಮಗಳು ಹೈಸ್ಕೂಲು ಟೀಚರು. ಬಂಗಾರಪೇಟೆ ಕಡೆ ಬಾಡಿಗೆ ಮನೆ. ಅವರ ಗುರುತು ಸಿಗಬಾರದು ಅಂತ ಒಂದೆರಡು ವಿವರ ಬದಲಾಯಿಸಿದ್ದೇನೆ. ಮೊದಲೇ ಫೋನು ಮಾಡಿ ಹೋದೆ. ಬಾಗಿಲಲ್ಲಿ "ಬನ್ನಿ ಸಾರ್" ಅಂದರು. ನಾನು "ನಮಸ್ಕಾರ ಮೇಡಂ" ಅಂದೆ. ಇದೇ ಹೆಣ್ಣುಮಗಳು ಊರ ಬೀದಿಯಲ್ಲಿ ಎದುರಾಗಿದ್ದರೆ ಬಾಯಲ್ಲಿ ಬರುತ್ತಿದ್ದದ್ದು "ಏನಮ್ಮಾ, ಯಾರ ಮಗಳು ನೀನು?" ಅಂತಲೇ.

ಅವರ ತಂದೆ ಹದಿನೇಳನೇ ವಯಸ್ಸಿಗೆ ರಾತ್ರೋರಾತ್ರಿ ಊರು ಬಿಟ್ಟವರು. ಅಪ್ಪನ ಜಾಗಕ್ಕೆ ಬಂದು ನಿಲ್ಲು ಅಂತ ಹೇಳಿ ಕಳಿಸಿದ್ದರಂತೆ. ಹೇಳಿ ಕಳಿಸಿದ್ದು ಯಾರು ಅಂತ ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ. ನಡೆದುಕೊಂಡೇ ಕೆ.ಜಿ.ಎಫ್. ಸೇರಿದರು. ಚಿನ್ನದ ಗಣಿಯಲ್ಲಿ ಜಾತಿ ಇರಲಿಲ್ಲ ಅಂತಲ್ಲ. ಕೆಳಗೆ ಇಳಿದು ಬಂಡೆ ಒಡೆದವರಲ್ಲಿ ಹೆಚ್ಚಿನವರು ದಲಿತರೇ, ತಮಿಳು ಸೀಮೆಯಿಂದ ಬಂದವರು. ಅದೇ ಊರಿನಲ್ಲಿ ಒಣ ಕಕ್ಕಸುಗಳನ್ನು ಕೈಯಲ್ಲಿ ಬಳಿಯುತ್ತಿದ್ದವರೂ ಇದ್ದರು. ಆ ಮನೆತನದಲ್ಲೇ ಅಲ್ಲಿ ಹುಟ್ಟಿದ ಬೆಜವಾಡ ವಿಲ್ಸನ್ ಆ ಪದ್ಧತಿಯ ವಿರುದ್ಧ ಹೋರಾಡಿ 2016ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಪಡೆದರು. ಆದರೂ ಗಣಿಯಲ್ಲಿ ತಿಂಗಳಿಗೆ ಸಂಬಳ ಅಂತ ಒಂದಿತ್ತು. ಚೀಟಿಯ ಮೇಲೆ ಹೆಸರು, ಹೆಸರಿನ ಮುಂದೆ ದುಡ್ಡು. "ಅಪ್ಪ ಆ ಚೀಟಿಗಳನ್ನ ಒಂದೂ ಬಿಸಾಕ್ಲಿಲ್ಲ ಸಾರ್. ಮಂಚದ ಕೆಳಗೆ ಡಬ್ಬ ತುಂಬಾ ಇತ್ತು" ಅಂದರು. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು. ಎದೆಯಲ್ಲಿ ದೂಳು ತುಂಬಿಕೊಂಡೇ ಅವರು ತೀರಿಕೊಂಡರು.

ಕಾಫಿ ಬಂತು. ಕುಡಿದೆ. ಕುಡಿಯುವಾಗ ನನ್ನನ್ನೇ ನಾನು ಗಮನಿಸುತ್ತಿದ್ದೆ, ಅದೇ ಒಂಥರಾ ನಾಚಿಕೆ.

ಜಮೀನಿನ ವಿಷಯ ಹೇಗೆ ತೆಗೆಯೋದು ಅಂತ ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಹೋಗಿದ್ದೆ. ಬಾಯಿ ತೆಗೆದ ಕೂಡಲೇ ಅವರೇ ಅಂದರು. "ಕೆರೆ ಹಿಂದಿನದ್ದಾ? ಗೊತ್ತು ಸಾರ್. ಸಣ್ಣವರಿದ್ದಾಗ ಅತ್ತೆ ಊರಿಗೆ ಹೋಗುವಾಗ ಅಪ್ಪ ಬಸ್ಸಿನ ಕಿಟಕೀಲಿ ತೋರಿಸೋರು. ಮಾವು ಬಿಟ್ಟಿದ್ರೆ ಎಣಿಸಿ ಅನ್ನೋರು."

"ಜಾತ್ರೆಗೆ, ಹಬ್ಬಕ್ಕೆ ಊರಿಗೆ ಬರ್ತಿರಲಿಲ್ವಾ?"

"ಇಳೀತಿರಲಿಲ್ಲ."

ಆಮೇಲೆ ನಾನು ಆ ಹೆಸರು ಹೇಳಿದೆ. ಪಹಣಿಯಲ್ಲಿ ಸಿಕ್ಕ ಪೂರ್ತಿ ಹೆಸರು, ತಂದೆಯ ಹೆಸರಿನ ಸಮೇತ. ಬರೆಯಬೇಕು ಅಂತಿದ್ದೇನೆ, ಮೊದಲ ಸಾಲಿನಲ್ಲೇ ಈ ಹೆಸರು ಹಾಕುತ್ತೇನೆ ಅಂದೆ. ಅದೊಂದು ದೊಡ್ಡ ಕೆಲಸ ಅಂತ ನಾನು ಅಂದುಕೊಂಡಿದ್ದೆ. ಅವರು ತಲೆಯಾಡಿಸಿದರು. "ಬೇಡಿ ಸಾರ್. ನಮ್ಮ ತಾತ ಜೀತಕ್ಕಿದ್ರು ಅಂತ ನನ್ನ ಮಕ್ಕಳಿಗೆ ಇನ್ನೂ ನಾನು ಹೇಳಿಲ್ಲ. ಹೇಳ್ತೀನಿ. ನಾನೇ ಹೇಳ್ಬೇಕು. ಫೋನಲ್ಲಿ ಯಾರೋ ಬರೆದದ್ದು ಓದಿ ಗೊತ್ತಾಗೋದು ಬೇಡ."

ಹಾಗಾಗಿ ಹೆಸರು ಇಲ್ಲೂ ಇಲ್ಲ. ತಾತ ಬರೆಯಲಿಲ್ಲ, ನಾನೂ ಬರೆಯುತ್ತಿಲ್ಲ. ಎರಡೂ ಒಂದೇ ಅಲ್ಲ ಅಂತ ನನಗೆ ನಾನೇ ಹೇಳಿಕೊಳ್ಳುತ್ತಿರುತ್ತೇನೆ.

"ಆ ಪುಸ್ತಕ ತಂದಿದೀರಾ?" ಅಂದರು. ಕೊಟ್ಟೆ. ಸೀರೆ ಸೆರಗಿನಿಂದ ಕೈ ಒರೆಸಿಕೊಂಡು ಪುಟ ತೆಗೆದರು. ಎತ್ತಿನ ಪುಟ ದಾಟಿಸಿದರು. ಹೆಬ್ಬೆಟ್ಟಿನ ಗುರುತಿನ ಮೇಲೆ ಬೆರಳಿಡಲಿಲ್ಲ, ಕಣ್ಣು ಒರೆಸಿಕೊಳ್ಳಲೂ ಇಲ್ಲ. ನಾನು ಅದಕ್ಕೇ ಕಾದಿದ್ದೆ ಅಂತ ಕಾಣುತ್ತೆ. ಬಹಳ ಹೊತ್ತು ನೋಡಿದರು. ತುಟಿ ಅಲ್ಲಾಡುತ್ತಿತ್ತು. ಆಮೇಲೆ ಪುಸ್ತಕ ನನ್ನ ಕಡೆ ತಿರುಗಿಸಿದರು.

"ಕೂಡೋದು ತಪ್ಪಿದೆ ಸಾರ್ ಇಲ್ಲಿ."

"ಏನು ಮೇಡಂ?"

"ನೂರೈವತ್ತು, ನಲವತ್ತು, ಐದು. ನೂರ ತೊಂಬತ್ತೈದು ಆಗ್ಬೇಕು. ಇನ್ನೂರೈದು ಬರ್ದಿದಾರೆ."

ನಾನು ಬಗ್ಗಿ ನೋಡಿದೆ. ಹೌದು. ಆ ಪುಟವನ್ನು ನಾನು ಐವತ್ತು ಸಲ ನೋಡಿದ್ದೆ. ಫೋಟೋ ತೆಗೆದಿದ್ದೆ, ಮಗಳಿಗೆ ಕಳಿಸಿದ್ದೆ, ವಕೀಲನಿಗೆ ತೋರಿಸಿದ್ದೆ. ಇಪ್ಪತ್ತೆಂಟು ವರ್ಷದ ಸರ್ವಿಸು. ಒಂದು ಸಲವೂ ಕೂಡಿ ನೋಡಿರಲಿಲ್ಲ. "ನಾನು ಲೆಕ್ಕದ ಟೀಚರು" ಅಂದರು ಅವರು, ಸಮಾಧಾನ ಮಾಡುವ ಹಾಗೆ.

ಅವತ್ತು ರಾತ್ರಿ ಕ್ಯಾಲ್ಕುಲೇಟರು ಹಿಡಿದು ಇಡೀ ಪುಸ್ತಕ ಕೂಡಿದೆ. ಬೆಳಗಿನ ಜಾವ ಮೂರಾಯಿತು. ಬೆಲ್ಲ, ಹುಣಸೆ, ಬಾವಿಯ ಕಲ್ಲು, ಕೆಂಪ, ಗೌರ, ಎಲ್ಲೂ ಒಂದು ನಯಾಪೈಸೆ ಹೆಚ್ಚುಕಮ್ಮಿ ಇಲ್ಲ. ಆಳಿನ ಪುಟಗಳಲ್ಲಿ ಮೂರು ಕಡೆ ತಪ್ಪಿದೆ. ಮೂರೂ ಸಾಲದ ಕಡೆಗೆ. ಒಟ್ಟು ಮೂವತ್ತೆರಡು ರೂಪಾಯಿ.

ಮೇಡಂಗೆ ವಾಟ್ಸಾಪಿನಲ್ಲಿ ಬರೆದು ಕಳಿಸಿದೆ. ಎರಡು ನೀಲಿ ಗೆರೆ ಬಿದ್ದಿದೆ. ಉತ್ತರ ಬಂದಿಲ್ಲ. ಪುಸ್ತಕ ಈಗ ನನ್ನ ಹತ್ತಿರವಿಲ್ಲ, ಅವರ ಹತ್ತಿರವಿದೆ. ಚಿಕ್ಕಪ್ಪನ ಮನೆಯವರಿಗೆ ಇದಿನ್ನೂ ಗೊತ್ತಿಲ್ಲ, ಇದನ್ನು ಓದಿದರೆ ಗೊತ್ತಾಗುತ್ತೆ.